ಪಾರ್ಟಿಷನ್ ತಪ್ಪಿನಿಂದ ಕೈಗೆ ಸಿಗದಾದ ಹಾರ್ಡ್ ಡಿಸ್ಕನ್ನು ಮರಳಿ ಪಡೆಯುವುದು: ಸಮಗ್ರ ಮಾರ್ಗದರ್ಶಿ

'ಡಿಲೀಟ್ ವಾಲ್ಯೂಮ್' ಒತ್ತಿದ ಮರುಕ್ಷಣವೇ ಅದು ಬೇರೆ ಡಿಸ್ಕ್ ಎಂದು ಹೊಳೆಯುತ್ತದೆ. ಹೊಸ ಆಪರೇಟಿಂಗ್ ಸಿಸ್ಟಂ ಹಾಕಲು ಕೂತವರು ಒಂದೇ ಗಾತ್ರದ ಎರಡು ಡಿಸ್ಕ್‌ಗಳಲ್ಲಿ ಫೋಟೊಗಳಿದ್ದದ್ದನ್ನೇ ಆರಿಸಿರುತ್ತಾರೆ. ಪೆನ್ ಡ್ರೈವ್‌ಗೆ ಬರೆಯಬೇಕಿದ್ದ ಐಎಸ್‌ಒ (ಆಪರೇಟಿಂಗ್ ಸಿಸ್ಟಂ ಹಾಕಲು ಬಳಸುವ ಇಮೇಜ್ ಫೈಲ್) ಹೋಗಿ ಹಾರ್ಡ್ ಡಿಸ್ಕ್ ಮೇಲೆ ಕೂತಿರುತ್ತದೆ. ಎದೆ ಧಸಕ್ಕೆನ್ನುತ್ತದೆ. ನಿನ್ನೆಯವರೆಗೆ ತೆರೆದುಕೊಳ್ಳುತ್ತಿದ್ದ ಡ್ರೈವ್ ಈಗ ಕಾಣುವುದೇ ಇಲ್ಲ. ಕಂಡರೂ 'ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಎನ್ನುತ್ತದೆ.

ಇಂಥ ಡಿಸ್ಕ್‌ಗಳನ್ನು ನೋಡುತ್ತ ಬಂದಿರುವ ನನಗೆ ಒಂದು ಮಾತು ಖಚಿತವಾಗಿದೆ. ಆ ಮೊದಲ ತಪ್ಪಿನಿಂದಲೇ ಡೇಟಾ ಪೂರ್ತಿ ಹೋದದ್ದು ಕಡಿಮೆ. ಗಾಬರಿಯಲ್ಲಿ ಆಮೇಲೆ ಮಾಡಿದ ಕೆಲಸಗಳಿಂದ ಹೋದದ್ದೇ ಹೆಚ್ಚು. ಫಾರ್ಮ್ಯಾಟ್ ಮಾಡಿ ನೋಡೋಣ, ಹೊಸ ಪಾರ್ಟಿಷನ್ ಮಾಡಿದರೆ ಹಳೆಯದು ಬರಬಹುದು, ಈ ರಿಪೇರಿ ಪ್ರೋಗ್ರಾಂ ಓಡಿಸೋಣ ಎಂದುಕೊಳ್ಳುತ್ತ ಒಂದರ ಮೇಲೊಂದು ಬರೆಯುತ್ತ ಹೋಗುತ್ತೇವೆ. ಹೊಲದ ಬಾಂದುಕಲ್ಲು ಕಿತ್ತುಹೋದರೆ ಹೊಲ ಎಲ್ಲಿಗೂ ಹೋಗಿರುವುದಿಲ್ಲ. ಬೆಳೆ ನಿಂತಲ್ಲೇ ನಿಂತಿರುತ್ತದೆ. ಗಡಿ ಹುಡುಕುವ ಮೊದಲೇ ಅದರ ಮೇಲೆ ಹೊಸದಾಗಿ ಉತ್ತರೆ ಮಾತ್ರ ಬೆಳೆ ಮಣ್ಣುಪಾಲು.

## ಮೊದಲು ಕೈ ತಡೆಯಿರಿ

ಡಿಸ್ಕ್ ಮೇಲೆ ಏನನ್ನೂ ಬರೆಯಬಾರದು. ಈ ಲೇಖನದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ. ವಿಂಡೋಸ್ 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೊಡನೆ 'ಇನಿಶಿಯಲೈಸ್ ಡಿಸ್ಕ್' ಎಂಬ ಕಿಟಕಿ ತಾನಾಗಿ ಮೇಲೆ ಬಂದರೆ ಅದನ್ನೂ ಕ್ಯಾನ್ಸಲ್ ಮಾಡಿ. ಅದಕ್ಕೆ ಒಪ್ಪಿದರೆ ಹೊಸ ಖಾಲಿ ಪಾರ್ಟಿಷನ್ ಟೇಬಲ್ (ಡಿಸ್ಕ್‌ನ ಭಾಗಗಳ, ಅಂದರೆ ಪಾರ್ಟಿಷನ್‌ಗಳ, ಗಡಿ ಬರೆದಿಡುವ ಪಟ್ಟಿ) ಬರೆಯಲಾಗುತ್ತದೆ, ಉಳಿದಿದ್ದ ಸುಳಿವೂ ಅಳಿಯಬಹುದು. ಚೆಕ್‌ಡಿಸ್ಕ್ ಬೇಡ. ಗಡಿ ತಪ್ಪಾಗಿರುವ ಪಾರ್ಟಿಷನ್ ಮೇಲೆ ಅದನ್ನು ಓಡಿಸಿದರೆ, ಸರಿಯಾಗಿದ್ದ ದಾಖಲೆಗಳನ್ನೇ ತಪ್ಪೆಂದು ತಿಳಿದು 'ಸರಿಪಡಿಸಿ'ಬಿಡುತ್ತದೆ. ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡಬೇಡಿ, ಸಿಕ್ಕ ಫೈಲ್‌ಗಳನ್ನು ಅದೇ ಡಿಸ್ಕ್‌ಗೆ ಉಳಿಸಬೇಡಿ.

ಅದು ಹೊರಗಿನ ಡಿಸ್ಕ್ ಆಗಿದ್ದರೆ ಕಳಚಿ ಪಕ್ಕಕ್ಕಿಡಿ. ಒಳಗಿನದಾಗಿದ್ದು, ಅದರಿಂದಲೇ ಕಂಪ್ಯೂಟರ್ ನಡೆಯುತ್ತಿದ್ದರೆ ಆಫ್ ಮಾಡಿ.

ಆದರೆ ಆಫ್ ಮಾಡುವ ಮೊದಲು ಒಂದು ಸಂದರ್ಭವನ್ನು ಗಮನಿಸಬೇಕು. ನೀವು ಲಿನಕ್ಸ್‌ನಲ್ಲಿದ್ದು, ತಪ್ಪು ನಡೆದಾಗ ಆ ಪಾರ್ಟಿಷನ್ ಮೌಂಟ್ ಆಗಿಯೇ (ಬಳಕೆಗೆ ತೆರೆದುಕೊಂಡೇ) ಇದ್ದರೆ ರೀಬೂಟ್ ಮಾಡಲೇಬೇಡಿ. ಡಿಸ್ಕ್ ಮೇಲಿನ ಟೇಬಲ್ ಹಾಳಾಗಿದ್ದರೂ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಹಳೆಯ ಗಡಿಗಳನ್ನು ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಬದಲಾಗಿದ್ದು ಟೇಬಲ್ ಮಾತ್ರವಾಗಿದ್ದರೆ ಫೈಲ್‌ಗಳು ಇನ್ನೂ ತೆರೆದುಕೊಳ್ಳುತ್ತಿರುತ್ತವೆ. ಆ ಕ್ಷಣವೇ ಮುಖ್ಯವಾದವನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಜೊತೆಗೆ 'ಸಿಸ್' ಡೈರೆಕ್ಟರಿಯೊಳಗಿನ 'ಬ್ಲಾಕ್' ಡೈರೆಕ್ಟರಿಗೆ ಹೋಗಿ. ಅಲ್ಲಿ ನಿಮ್ಮ ಡಿಸ್ಕ್ ಹೆಸರಿನ ಡೈರೆಕ್ಟರಿ, ಅದರೊಳಗೆ ಪ್ರತಿ ಪಾರ್ಟಿಷನ್‌ಗೂ ಒಂದೊಂದು ಡೈರೆಕ್ಟರಿ ಇರುತ್ತದೆ. ಅವುಗಳಲ್ಲಿರುವ 'ಸ್ಟಾರ್ಟ್' ಮತ್ತು 'ಸೈಜ್' ಎಂಬ ಪುಟ್ಟ ಫೈಲ್‌ಗಳ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಪಾರ್ಟಿಷನ್ ಎಲ್ಲಿ ಶುರು, ಎಷ್ಟು ಉದ್ದ ಎಂಬುದು 512 ಬೈಟ್‌ಗಳ ಸೆಕ್ಟರ್ (ಡಿಸ್ಕ್‌ನ ಪುಟ್ಟ ತುಣುಕು) ಲೆಕ್ಕದಲ್ಲಿ ಅಲ್ಲಿರುತ್ತದೆ. ಇವೆರಡು ಸಂಖ್ಯೆ ಸಿಕ್ಕರೆ ಅದೇ ಗಡಿಯಲ್ಲಿ ಪಾರ್ಟಿಷನ್ ಮತ್ತೆ ಮಾಡಬಹುದು, ಹುಡುಕಾಟದ ಅಗತ್ಯವೇ ಇರುವುದಿಲ್ಲ. ರೀಬೂಟ್ ಆದರೆ ಈ ಅವಕಾಶ ಹೋಯಿತು.

## ಕಾಣೆಯಾದದ್ದು ಎಷ್ಟು?

ಹಳೆಯ ಎಂಬಿಆರ್ ಪದ್ಧತಿಯ ಡಿಸ್ಕ್‌ನಲ್ಲಿ ಪಾರ್ಟಿಷನ್ ಟೇಬಲ್ ಇರುವುದು ಮೊಟ್ಟಮೊದಲ ಸೆಕ್ಟರ್‌ನಲ್ಲಿ. ಆ 512 ಬೈಟ್‌ಗಳಲ್ಲಿ ಮೊದಲ 446 ಬೂಟ್ ಕೋಡಿಗೆ ಮೀಸಲು. ಆಮೇಲೆ 16 ಬೈಟ್‌ಗಳ ನಾಲ್ಕು ನಮೂದುಗಳು. ಕೊನೆಯ ಎರಡು ಬೈಟ್ ಸಹಿ ಇದ್ದಂತೆ, 55 ಮತ್ತು ಎಎ. ಅಂದರೆ ಒಂದು ಪಾರ್ಟಿಷನ್‌ನ ಇಡೀ ಅಸ್ತಿತ್ವ 16 ಬೈಟ್‌ಗಳಲ್ಲಿದೆ.

1 ಟಿಬಿ ಡಿಸ್ಕ್ ಒಂದರ ಅಂಥ ನಮೂದನ್ನು ಹತ್ತಿರದಿಂದ ನೋಡೋಣ. ಐದನೆಯ ಬೈಟ್ 07. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಂ (ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ) ಎಂದು ಇದರ ಅರ್ಥ. ಒಂಬತ್ತರಿಂದ ಹನ್ನೆರಡನೆಯ ಬೈಟ್‌ಗಳು 00 08 00 00. ಇವನ್ನು ಹಿಂದುಮುಂದಾಗಿ ಓದಬೇಕು, ಹೆಕ್ಸ್ (16ರ ಮೂಲದ) ಸಂಖ್ಯೆಯೆಂದು ಹಾಗೆ ಓದಿದರೆ 2048 ಬರುತ್ತದೆ. ಪಾರ್ಟಿಷನ್ ಶುರುವಾಗುವುದು ಆ ಸೆಕ್ಟರ್‌ನಲ್ಲಿ, ಅಂದರೆ ಡಿಸ್ಕ್‌ನ ಆರಂಭದಿಂದ ಸರಿಯಾಗಿ 1 ಎಂಬಿ ಬಿಟ್ಟು. ಕೊನೆಯ ನಾಲ್ಕು ಬೈಟ್‌ಗಳು 00 58 70 74. ಹಿಂದಿನಿಂದ ಓದಿದರೆ 1,95,35,19,616 ಸೆಕ್ಟರ್‌ಗಳು, ಹೆಚ್ಚುಕಡಿಮೆ ಇಡೀ ಡಿಸ್ಕ್. ಈ ಹದಿನಾರು ಬೈಟ್‌ಗಳು ಸೊನ್ನೆಯಾದರೆ ವಿಂಡೋಸ್ 931 ಜಿಬಿಯನ್ನೂ 'ಅನ್‌ಅಲೊಕೇಟೆಡ್' ಎಂದು ಕಪ್ಪು ಪಟ್ಟಿಯಲ್ಲಿ ತೋರಿಸುತ್ತದೆ. ಒಳಗಿನ ಫೈಲ್‌ಗಳಿಗೆ ಏನೂ ಆಗಿರುವುದಿಲ್ಲ.

ಹೊಸ ಜಿಪಿಟಿ ಪದ್ಧತಿ ಇನ್ನೂ ಉದಾರಿ. ಮುಖ್ಯ ಟೇಬಲ್ ಡಿಸ್ಕ್‌ನ ಆರಂಭದ 34 ಸೆಕ್ಟರ್‌ಗಳೊಳಗೆ ಇರುತ್ತದೆ, ಅದರ ನಕಲು ಡಿಸ್ಕ್‌ನ ಕಟ್ಟಕಡೆಯಲ್ಲಿ ಇರುತ್ತದೆ. ಮೇಲಿನ 1 ಟಿಬಿ ಡಿಸ್ಕ್‌ನಲ್ಲಿ ಒಟ್ಟು 1,95,35,25,168 ಸೆಕ್ಟರ್‌ಗಳಿವೆ. ನಕಲಿನ ಹೆಡರ್ (ತಲೆಬರಹದ ಭಾಗ) ಕೂತಿರುವುದು ಅವುಗಳಲ್ಲಿ ಕೊನೆಯದರಲ್ಲಿ. ಆರಂಭದ ಭಾಗ ಎಷ್ಟೇ ಕೆಟ್ಟರೂ ಈ ನಕಲಿನಿಂದ ಗಡಿಗಳನ್ನು ಪೂರ್ತಿ ಮರಳಿ ಪಡೆಯಬಹುದು.

## ನಿಮ್ಮ ತಪ್ಪು ಯಾವ ಬಗೆಯದು

ಪಾರ್ಟಿಷನ್ ಡಿಲೀಟ್ ಮಾಡಿ ನಿಲ್ಲಿಸಿದ್ದರೆ ಹಾರ್ಡ್ ಡಿಸ್ಕ್‌ನಲ್ಲಿ ಎಲ್ಲವೂ ಹೆಸರು ಸಮೇತ ಸಿಗುವ ಸಾಧ್ಯತೆ ತುಂಬ ಹೆಚ್ಚು. ವಿಂಡೋಸ್‌ನ ಡಿಸ್ಕ್‌ಪಾರ್ಟ್ ಪ್ರೋಗ್ರಾಂನ 'ಕ್ಲೀನ್' ಕಮಾಂಡ್ ಕೂಡ ಟೇಬಲ್ ಇರುವ ಜಾಗಗಳನ್ನಷ್ಟೇ ಅಳಿಸುತ್ತದೆ, ಮರಳಿ ಪಡೆಯಬಹುದು. 'ಕ್ಲೀನ್ ಆಲ್' ಹಾಗಲ್ಲ, ಪ್ರತಿ ಸೆಕ್ಟರ್‌ಗೂ ಸೊನ್ನೆ ಬರೆಯುತ್ತದೆ. ಅದು ಓಡುತ್ತಿರುವುದು ಗೊತ್ತಾದರೆ ತಕ್ಷಣ ನಿಲ್ಲಿಸಿ, ತಲುಪದ ಭಾಗವಾದರೂ ಉಳಿಯುತ್ತದೆ.

ಕ್ವಿಕ್ ಫಾರ್ಮ್ಯಾಟ್ ಆದಾಗ ಫೈಲ್ ಸಿಸ್ಟಂನ ತಲೆಭಾಗ ಹೊಸದಾಗಿರುತ್ತದೆ, ಹಳೆಯ ಫೈಲ್‌ಗಳ ಬಹುಪಾಲು ಹಾಗೇ ಇರುತ್ತದೆ. ಪೂರ್ಣ ಫಾರ್ಮ್ಯಾಟ್ ಮಾತ್ರ ವಿಂಡೋಸ್ ವಿಸ್ಟಾದಿಂದ ಈಚೆಗೆ ಡಿಸ್ಕ್ ಮೇಲೆ ಸೊನ್ನೆ ಬರೆಯುತ್ತದೆ. ಅದು ಕೊನೆಯವರೆಗೆ ಮುಗಿದಿದ್ದರೆ ಆ ಪಾರ್ಟಿಷನ್‌ನಲ್ಲಿ ಮರಳಿ ಪಡೆಯಲು ಏನೂ ಉಳಿದಿರುವುದಿಲ್ಲ.

ಐಎಸ್‌ಒ ಬರೆದ ತಪ್ಪಿನಲ್ಲಿ ಗಾತ್ರವೇ ನಿರ್ಣಾಯಕ. ವಿಂಡೋಸ್ ಫಾರ್ಮ್ಯಾಟ್ ಮಾಡಿದ ದೊಡ್ಡ ಎನ್‌ಟಿಎಫ್‌ಎಸ್ ಪಾರ್ಟಿಷನ್‌ನಲ್ಲಿ, ಎಲ್ಲ ಫೈಲ್‌ಗಳ ಹೆಸರು ಮತ್ತು ವಿಳಾಸ ಬರೆದಿಡುವ ಎಂಎಫ್‌ಟಿ ಎಂಬ ಪಟ್ಟಿ ಸಾಮಾನ್ಯವಾಗಿ ಪಾರ್ಟಿಷನ್‌ನ ಆರಂಭದಿಂದ 3 ಜಿಬಿ ದೂರದಲ್ಲಿ ಶುರುವಾಗುತ್ತದೆ. ಇಡೀ ಡಿಸ್ಕ್‌ಗೆ ಒಂದೇ ಪಾರ್ಟಿಷನ್ ಇದ್ದು, ಬರೆದ ಐಎಸ್‌ಒ 2 ಜಿಬಿಯದ್ದಾಗಿದ್ದರೆ ಆ ಪಟ್ಟಿ ಉಳಿದಿದೆ. 5 ಜಿಬಿಯದ್ದಾಗಿದ್ದರೆ ಪಟ್ಟಿಯ ಮೊದಲ ಭಾಗ ಹೋಗಿದೆ. ಆಗ ಹೆಸರಿಲ್ಲದ ಫೈಲ್‌ಗಳಿಗೂ ಮನಸ್ಸು ಸಿದ್ಧ ಮಾಡಿಕೊಳ್ಳಬೇಕು. ಬರೆಯುವಾಗ ಮಧ್ಯದಲ್ಲೇ ಗೊತ್ತಾಗಿ ನಿಲ್ಲಿಸಿದ್ದರೆ ಎಷ್ಟು ಎಂಬಿ ಬರೆದಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ.

ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳ ಡಿಸ್ಕ್) ಆಗಿದ್ದರೆ ಮಾತು ಬೇರೆ, ಇದನ್ನು ಮುಚ್ಚಿಡದೆ ಹೇಳಬೇಕು. ಫಾರ್ಮ್ಯಾಟ್ ಆಗುವಾಗ ಆಪರೇಟಿಂಗ್ ಸಿಸ್ಟಂ 'ಟ್ರಿಮ್' ಎಂಬ ಆದೇಶ ಕಳಿಸುತ್ತದೆ, 'ಈ ಜಾಗಗಳು ಇನ್ನು ಬೇಡ' ಎಂದು. ಅದಾದ ಮೇಲೆ ಆ ಜಾಗಗಳನ್ನು ಓದಿದರೆ ಸಾಮಾನ್ಯವಾಗಿ ಬರೀ ಸೊನ್ನೆ ಬರುತ್ತದೆ. ಲಿನಕ್ಸ್‌ನ ಎಕ್ಸ್‌ಟಿ4 ಫಾರ್ಮ್ಯಾಟ್ ಕೂಡ ಡೀಫಾಲ್ಟ್ ಆಗಿ ಇದನ್ನೇ ಮಾಡುತ್ತದೆ. ಟೇಬಲ್ ಮಾತ್ರ ಕೆಟ್ಟಿದ್ದು ಫಾರ್ಮ್ಯಾಟ್ ಆಗದಿದ್ದರೆ ಎಸ್‌ಎಸ್‌ಡಿಯಲ್ಲೂ ಮುಂದಿನ ಹೆಜ್ಜೆಗಳನ್ನು ಖಂಡಿತ ಪ್ರಯತ್ನಿಸಿ.

ಎಲ್ಲಕ್ಕಿಂತ ಮೊದಲು ತಳ್ಳಿಹಾಕಬೇಕಾದ ಇನ್ನೊಂದು ಸಾಧ್ಯತೆಯಿದೆ: ತಪ್ಪು ಪಾರ್ಟಿಷನ್‌ನದ್ದೇ ಅಲ್ಲದಿರಬಹುದು. ಹೊರಗಿನ ಯುಎಸ್‌ಬಿ ಡಿಸ್ಕ್‌ನ ಪೆಟ್ಟಿಗೆ ಬಿಚ್ಚಿ, ಒಳಗಿನ ಡಿಸ್ಕನ್ನು ನೇರವಾಗಿ ಕಂಪ್ಯೂಟರ್‌ಗೆ ಜೋಡಿಸಿದ್ದೀರಾ? ಕೆಲವು ಪೆಟ್ಟಿಗೆಗಳು ಡಿಸ್ಕ್‌ನ ಸೆಕ್ಟರ್ 4096 ಬೈಟ್‌ಗಳದ್ದು ಎಂದು ಕಂಪ್ಯೂಟರ್‌ಗೆ ಹೇಳುತ್ತವೆ. ಅಲ್ಲಿ 1 ಎಂಬಿ ದೂರದ ಪಾರ್ಟಿಷನ್‌ನ ವಿಳಾಸ 256ನೆಯ ಸೆಕ್ಟರ್. ಪೆಟ್ಟಿಗೆ ಇಲ್ಲದೆ ಜೋಡಿಸಿದಾಗ ಸೆಕ್ಟರ್ 512 ಬೈಟ್‌ಗೆ ಇಳಿಯುತ್ತದೆ, ಅದೇ 256 ಎಂಬ ಸಂಖ್ಯೆ ಈಗ 128 ಕೆಬಿ ದೂರವನ್ನು ತೋರಿಸುತ್ತದೆ. ಅಲ್ಲಿ ಏನೂ ಇಲ್ಲ. ಪಾರ್ಟಿಷನ್ ಎಂಟನೇ ಒಂದು ಪಾಲಿಗೆ ಕುಗ್ಗಿದಂತೆ, ಕೆಟ್ಟಂತೆ ಕಾಣುತ್ತದೆ. ಡಿಸ್ಕನ್ನು ಅದೇ ಪೆಟ್ಟಿಗೆಗೆ ಮರಳಿಸಿ ನೋಡಿ, ಎಲ್ಲವೂ ಮೊದಲಿನಂತೆ ತೆರೆದುಕೊಳ್ಳಬಹುದು. ಇದನ್ನು ತಿಳಿಯದೆ ಫಾರ್ಮ್ಯಾಟ್ ಮಾಡಿಕೊಂಡವರನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

## ನಕಲು ತೆಗೆಯುವುದು

ಈ ಹೆಜ್ಜೆಯನ್ನು ಬಿಟ್ಟುಬಿಡಲು ಮನಸ್ಸು ಹೇಳುತ್ತದೆ, ಏಕೆಂದರೆ ಗಂಟೆಗಟ್ಟಲೆ ಕಾಯಬೇಕು. ಬಿಡಬೇಡಿ. ಇಡೀ ಡಿಸ್ಕ್‌ನ ನಕಲು ಕೈಯಲ್ಲಿದ್ದರೆ ಹತ್ತು ಸಲ ಪ್ರಯತ್ನಿಸಬಹುದು; ಇಲ್ಲದಿದ್ದರೆ ಒಂದೇ ಸಲ.

ಅದಕ್ಕೂ ಮುಂಚೆ ಡಿಸ್ಕ್ ಆರೋಗ್ಯವಾಗಿದೆಯೇ ನೋಡಿ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಸಾಕು. 5, 197 ಮತ್ತು 198 ಎಂಬ ಐಡಿ ಇರುವ ಸಾಲುಗಳ ಮೂಲ ಸಂಖ್ಯೆ (ರಾ ವ್ಯಾಲ್ಯೂ) ಸೊನ್ನೆಯಾಗಿದ್ದರೆ ಒಳ್ಳೆಯದು. 197ರಲ್ಲಿ ಸಂಖ್ಯೆ ಇದ್ದರೆ ಓದಲಾಗದ ಸೆಕ್ಟರ್‌ಗಳಿವೆ ಎಂದರ್ಥ. ಮೂಲ ಡಿಸ್ಕ್ ಮೇಲೆ ಹುಡುಕಾಟ ನಡೆಸದೆ ಮೊದಲು ನಕಲನ್ನೇ ತೆಗೆಯಬೇಕು. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ, ತಿರುಗಿ ನಿಲ್ಲುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ. ಅದು ಯಂತ್ರದ ತೊಂದರೆ, ಸ್ವಚ್ಛ ಕೋಣೆಯಿರುವ ರಿಕವರಿ ಪ್ರಯೋಗಾಲಯದ ಕೆಲಸ. ಪ್ರತಿ ಸಲ ಆನ್ ಮಾಡಿದಾಗಲೂ ಹಾನಿ ಹೆಚ್ಚಬಹುದು.

ನಕಲಿಗೆ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡ ಖಾಲಿ ಡಿಸ್ಕ್ ಬೇಕು. ನಕಲನ್ನು ಒಂದು ದೊಡ್ಡ ಫೈಲ್ ಆಗಿ ಉಳಿಸುವುದಾದರೆ ಆ ಡಿಸ್ಕ್ ಫ್ಯಾಟ್32 ಆಗಿರಬಾರದು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ನಾನು ಬಳಸುವುದು ಗ್ನೂ ಡಿಡಿರೆಸ್ಕ್ಯೂ. ಅದು ಮೊದಲು ಸುಲಭವಾಗಿ ಓದಲು ಬರುವ ಭಾಗಗಳನ್ನೆಲ್ಲ ತೆಗೆದುಕೊಂಡು, ಕಷ್ಟದ ಸೆಕ್ಟರ್‌ಗಳನ್ನು ಕೊನೆಗೆ ಬಿಡುತ್ತದೆ. ಎಲ್ಲಿಯವರೆಗೆ ಬಂತು ಎಂಬುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುವುದರಿಂದ, ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು.

ಸಿಸ್ಟಂರೆಸ್ಕ್ಯೂ ಎಂಬ ಲೈವ್ ಲಿನಕ್ಸನ್ನು ಪೆನ್ ಡ್ರೈವ್‌ಗೆ ಬರೆದು (ಈ ಸಲ ಸರಿಯಾದ ಡ್ರೈವ್‌ಗೆ, ಬೇರೆ ಕಂಪ್ಯೂಟರ್‌ನಲ್ಲಿ) ಅದರಿಂದ ಬೂಟ್ ಮಾಡಿ. ಡಿಡಿರೆಸ್ಕ್ಯೂ, ಮುಂದೆ ಬೇಕಾಗುವ ಟೆಸ್ಟ್‌ಡಿಸ್ಕ್, ಜಿಡಿಸ್ಕ್ ಎಲ್ಲವೂ ಅದರಲ್ಲೇ ಇವೆ. ಡಿಡಿರೆಸ್ಕ್ಯೂ ಕಮಾಂಡ್‌ನಲ್ಲಿ ಕ್ರಮ ಹೀಗೆ: ಮೊದಲು ಮೂಲ ಡಿಸ್ಕ್, ಆಮೇಲೆ ನಕಲಿನ ಫೈಲ್, ಕೊನೆಗೆ ಮ್ಯಾಪ್ ಫೈಲ್. ಮೂಲ ಮತ್ತು ನಕಲು ಅದಲುಬದಲಾದರೆ ಇದ್ದದ್ದೂ ಹೋಯಿತು. ಆದ್ದರಿಂದ ಎಂಟರ್ ಒತ್ತುವ ಮೊದಲು ಡಿಸ್ಕ್‌ಗಳ ಪಟ್ಟಿಯಲ್ಲಿ ಸೀರಿಯಲ್ ನಂಬರ್ ತೋರಿಸುವಂತೆ ಮಾಡಿ, ಡಿಸ್ಕ್ ಮೇಲಿನ ಚೀಟಿಯ ನಂಬರ್‌ನೊಂದಿಗೆ ಕೊನೆಯ ನಾಲ್ಕು ಅಕ್ಷರಗಳನ್ನಾದರೂ ತಾಳೆ ನೋಡಿ. ಒಂದೇ ಗಾತ್ರದ, ಒಂದೇ ಕಂಪನಿಯ ಎರಡು ಡಿಸ್ಕ್‌ಗಳಿದ್ದಾಗ ಇದೊಂದೇ ನಂಬಿಕೆಯ ಗುರುತು.

ಸೆಕೆಂಡಿಗೆ 100 ಎಂಬಿ ವೇಗದಲ್ಲಿ 1 ಟಿಬಿ ನಕಲಾಗಲು ಸುಮಾರು 2 ಗಂಟೆ 45 ನಿಮಿಷ ಬೇಕು. ಹಳೆಯ ಯುಎಸ್‌ಬಿ 2.0 ಪೋರ್ಟ್‌ನಲ್ಲಿ 30 ಎಂಬಿ ಸಿಕ್ಕರೆ ಒಂಬತ್ತು ಗಂಟೆ ದಾಟುತ್ತದೆ. ಯುಎಸ್‌ಬಿ 3 ಪೋರ್ಟ್ ಇದ್ದರೆ ಅದಕ್ಕೇ ಜೋಡಿಸಿ.

ಅಷ್ಟು ದೊಡ್ಡ ಖಾಲಿ ಡಿಸ್ಕ್ ಸಿಗುವುದೇ ಇಲ್ಲವೆಂದರೆ, ಡಿಡಿ ಕಮಾಂಡ್‌ನಿಂದ ಡಿಸ್ಕ್‌ನ ಮೊದಲ 10 ಎಂಬಿ ಮತ್ತು ಕೊನೆಯ 10 ಎಂಬಿಯನ್ನಾದರೂ ಪೆನ್ ಡ್ರೈವ್‌ಗೆ ಉಳಿಸಿಕೊಳ್ಳಿ. ಜಿಪಿಟಿಯ ಎರಡೂ ಪ್ರತಿಗಳು ಅಷ್ಟರೊಳಗೆ ಬರುತ್ತವೆ. ಟೇಬಲ್ ತಿದ್ದಿದ್ದು ತಪ್ಪಾದರೆ ಈ ತುಣುಕುಗಳಿಂದ ಹಿಂದಿನ ಸ್ಥಿತಿಗೆ ಮರಳಬಹುದು.

## ಟೆಸ್ಟ್‌ಡಿಸ್ಕ್‌ನಿಂದ ಗಡಿ ಹುಡುಕುವುದು

ಕ್ರಿಸ್ಟೋಫ್ ಗ್ರೆನಿಯೆ ಬರೆದ ಟೆಸ್ಟ್‌ಡಿಸ್ಕ್ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ನೋಡಲು ಹಳೆಯ ಕಾಲದ ಕಪ್ಪು ಪರದೆ, ಮೌಸ್ ಕೆಲಸ ಮಾಡುವುದಿಲ್ಲ. ಬಾಣದ ಕೀ ಮತ್ತು ಎಂಟರ್ ಸಾಕು. ಅಂದ ನೋಡಿ ಹಿಂಜರಿಯಬೇಡಿ. ಈ ಕೆಲಸಕ್ಕೆ ಮೊದಲು ಕೈಹಾಕಬೇಕಾದ ಸಾಧನ ಇದೇ ಎಂದು ನನ್ನ ದೃಢ ಅಭಿಪ್ರಾಯ. ನಕಲಿನ ಫೈಲ್ ಮೇಲೆ ನಡೆಸುವುದಾದರೆ ಪ್ರೋಗ್ರಾಂನ ಹೆಸರಿನ ನಂತರ ಆ ಫೈಲ್‌ನ ಹೆಸರು ಕೊಟ್ಟು ತೆರೆಯಿರಿ.

1. ಲಾಗ್ ಬೇಕೇ ಎಂದು ಕೇಳಿದಾಗ 'ಕ್ರಿಯೇಟ್' ಆರಿಸಿ. ಏನು ಸಿಕ್ಕಿತು ಎಂಬ ಸಂಖ್ಯೆಗಳೆಲ್ಲ ಅದರಲ್ಲಿ ಉಳಿಯುತ್ತವೆ.

2. ಡಿಸ್ಕ್ ಆರಿಸಿ. ತೋರಿಸುವ ಗಾತ್ರ ನಿಜವಾದ ಗಾತ್ರವೇ? 1 ಟಿಬಿ ಡಿಸ್ಕ್ 1000 ಜಿಬಿ ಅಥವಾ 931 ಎಂದು ಕಂಡರೆ ಸರಿ. ಬೇರೆ ಏನೋ ಕಂಡರೆ ಮುಂದುವರಿಯಬೇಡಿ, ಕೇಬಲ್ ಅಥವಾ ಪೆಟ್ಟಿಗೆ ಬದಲಿಸಿ ನೋಡಿ.

3. ಟೇಬಲ್‌ನ ಬಗೆ. ಎಂಬಿಆರ್ ಆಗಿದ್ದರೆ 'ಇಂಟೆಲ್', ಜಿಪಿಟಿ ಆಗಿದ್ದರೆ 'ಇಎಫ್‌ಐ ಜಿಪಿಟಿ'. ಪ್ರೋಗ್ರಾಂ ತಾನೇ ಒಂದನ್ನು ಸೂಚಿಸುತ್ತದೆ, ಆದರೆ ಅದು ಡಿಸ್ಕ್‌ನ ಈಗಿನ ಸ್ಥಿತಿ ನೋಡಿ ಹೇಳುವುದು. ನಿಮಗೆ ಬೇಕಿರುವುದು ತಪ್ಪು ನಡೆಯುವ ಮೊದಲು ಇದ್ದ ಬಗೆ. ಎಂಬಿಆರ್ ಡಿಸ್ಕನ್ನು ತಿಳಿಯದೆ ಜಿಪಿಟಿಯಾಗಿ ಇನಿಶಿಯಲೈಸ್ ಮಾಡಿದ್ದರೆ ಇಲ್ಲಿ 'ಇಂಟೆಲ್' ಅನ್ನೇ ಆರಿಸಬೇಕು.

4. 'ಅನಲೈಸ್', ನಂತರ 'ಕ್ವಿಕ್ ಸರ್ಚ್'. ಸಿಕ್ಕ ಪಾರ್ಟಿಷನ್‌ಗಳ ಪಟ್ಟಿ ಬರುತ್ತದೆ.

ಇಲ್ಲಿ ಅವಸರ ಬೇಡ. ಪಟ್ಟಿಯಲ್ಲಿರುವ ಪ್ರತಿ ಸಾಲಿನ ಮೇಲೂ ನಿಂತು 'ಪಿ' ಕೀ ಒತ್ತಿ. ಒಳಗಿನ ಫೈಲ್‌ಗಳು, ಫೋಲ್ಡರ್‌ಗಳು ಹೆಸರು ಸಮೇತ ಬಂದರೆ ಆ ಗಡಿ ಸರಿಯಾಗಿದೆ. ನಿಮ್ಮದೇ ಫೋಲ್ಡರ್‌ಗಳ ಹೆಸರು ಆ ಕಪ್ಪು ಪರದೆಯ ಮೇಲೆ ಒಂದೊಂದಾಗಿ ಬರುವುದನ್ನು ನೋಡಿದಾಗ ಆಗುವ ಸಮಾಧಾನವನ್ನು ಅನುಭವಿಸಿದವರೇ ಬಲ್ಲರು. ಆದರೆ ಹಲವು ಸಲ ಪಟ್ಟಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸಾಲುಗಳಿರುತ್ತವೆ. ಎಷ್ಟೋ ವರ್ಷಗಳ ಹಿಂದೆ ಇದ್ದು, ನೀವೇ ಅಳಿಸಿದ್ದ ಪಾರ್ಟಿಷನ್‌ಗಳ ಗುರುತೂ ಡಿಸ್ಕ್ ಮೇಲೆ ಉಳಿದಿರುತ್ತದೆ. ಎರಡು ಸಾಲುಗಳು ಒಂದೇ ಜಾಗವನ್ನು ತಮ್ಮದೆನ್ನುತ್ತಿದ್ದರೆ ಒಂದು ಹಳೆಯದು. ಫೈಲ್ ಪಟ್ಟಿಯಲ್ಲಿನ ತಾರೀಕುಗಳನ್ನು ನೋಡಿ ತೀರ್ಮಾನಿಸಿ.

5. ಬೇಕಾದ ಸಾಲನ್ನು ಎಡ-ಬಲ ಬಾಣದ ಕೀಗಳಿಂದ ಗುರುತಿಸಿ. ಎಂಬಿಆರ್‌ನಲ್ಲಿ 'ಪಿ' ಎಂದರೆ ಪ್ರೈಮರಿ, ನಕ್ಷತ್ರ ಎಂದರೆ ಬೂಟ್ ಆಗುವ ಪ್ರೈಮರಿ, 'ಎಲ್' ಎಂದರೆ ಲಾಜಿಕಲ್. ಬೇಡದ್ದಕ್ಕೆ 'ಡಿ'. ಏನೋ ಕಡಿಮೆಯಿದೆ ಎನಿಸಿದರೆ ಎಂಟರ್ ಒತ್ತಿ ಮುಂದಿನ ಪರದೆಯಲ್ಲಿ 'ಡೀಪರ್ ಸರ್ಚ್' ಆರಿಸಿ. ಅದು ಡಿಸ್ಕನ್ನು ಪೂರ್ತಿ ಜಾಲಾಡುತ್ತದೆ, ಗಂಟೆಗಳು ಹಿಡಿಯಬಹುದು.

6. ಈಗ ಎರಡು ದಾರಿಗಳಿವೆ. ಫೈಲ್‌ಗಳು ಪಟ್ಟಿಯಲ್ಲಿ ಕಾಣುತ್ತಿರುವಾಗಲೇ 'ಎ' ಒತ್ತಿ ಎಲ್ಲವನ್ನೂ ಆರಿಸಿ, ದೊಡ್ಡಕ್ಷರದ 'ಸಿ' ಒತ್ತಿ ಬೇರೆ ಡಿಸ್ಕ್‌ಗೆ ಕಾಪಿ ಮಾಡುವುದು ಮೊದಲನೆಯದು. ಮೂಲದ ಮೇಲೆ ಒಂದು ಬೈಟೂ ಬರೆಯದೆ ಕೆಲಸ ಮುಗಿಯುತ್ತದೆ. ನಕಲಿಲ್ಲದವರಿಗೆ ನಾನು ಹೇಳುವುದು ಇದನ್ನೇ. ಎರಡನೆಯದು 'ರೈಟ್' ಆರಿಸಿ, 'ವೈ' ಒತ್ತಿ ಒಪ್ಪಿಗೆ ಕೊಟ್ಟು, ರೀಬೂಟ್ ಮಾಡುವುದು. ಟೇಬಲ್ ಮರಳಿ ಬರೆಯಲಾಗುತ್ತದೆ, ಡ್ರೈವ್ ಮೊದಲಿನಂತೆ ಕಾಣಿಸಿಕೊಳ್ಳುತ್ತದೆ.

'ಪಿ' ಒತ್ತಿದಾಗ ಫೈಲ್‌ಗಳು ಕಾಣದ ಸಾಲನ್ನು ನಂಬಿ 'ರೈಟ್' ಮಾಡಬೇಡಿ.

## ಜಿಪಿಟಿಯ ನಕಲಿನಿಂದ ಟೇಬಲ್ ಕಟ್ಟುವುದು

ಜಿಪಿಟಿ ಡಿಸ್ಕ್‌ನ ಆರಂಭ ಮಾತ್ರ ಹಾಳಾಗಿದ್ದರೆ ಹುಡುಕಾಟಕ್ಕಿಂತ ಚುರುಕಾದ ದಾರಿ ಜಿಡಿಸ್ಕ್. ಡಿಸ್ಕ್ ಹೆಸರು ಕೊಟ್ಟು ತೆರೆದಾಗಲೇ ಮುಖ್ಯ ಟೇಬಲ್ ಕೆಟ್ಟಿದೆ, ನಕಲು ಸರಿಯಾಗಿದೆ ಎಂದು ಅದು ಸಾಮಾನ್ಯವಾಗಿ ತಾನಾಗಿ ಹೇಳುತ್ತದೆ. 'ಆರ್' ಒತ್ತಿ ರಿಕವರಿ ಮೆನುಗೆ ಹೋಗಿ. ಅಲ್ಲಿ 'ಬಿ' ಒತ್ತಿದರೆ ನಕಲಿನ ಹೆಡರ್‌ನಿಂದ ಮುಖ್ಯ ಹೆಡರ್, 'ಸಿ' ಒತ್ತಿದರೆ ನಕಲಿನ ಪಟ್ಟಿಯಿಂದ ಮುಖ್ಯ ಪಟ್ಟಿ ಸಿದ್ಧವಾಗುತ್ತದೆ. 'ಪಿ' ಒತ್ತಿ ಪಾರ್ಟಿಷನ್‌ಗಳನ್ನು ನೋಡಿ, 'ವಿ' ಒತ್ತಿ ಪರೀಕ್ಷಿಸಿ. ಇಲ್ಲಿಯವರೆಗೆ ನಡೆದದ್ದೆಲ್ಲ ಮೆಮೊರಿಯಲ್ಲಷ್ಟೇ. 'ಡಬ್ಲ್ಯೂ' ಒತ್ತಿದಾಗ ಮಾತ್ರ ಡಿಸ್ಕ್‌ಗೆ ಬರೆಯುತ್ತದೆ, 'ಕ್ಯೂ' ಒತ್ತಿದರೆ ಏನೂ ಬದಲಾಗದೆ ಹೊರಬರಬಹುದು. ಪಟ್ಟಿ ನಿಮ್ಮ ನೆನಪಿಗೆ ಹೊಂದದಿದ್ದರೆ 'ಕ್ಯೂ' ಒತ್ತಿ, ಟೆಸ್ಟ್‌ಡಿಸ್ಕ್‌ಗೆ ಮರಳಿ.

## ಗಡಿ ಸರಿಯಿದ್ದೂ 'ರಾ' ಎಂದರೆ

ಪಾರ್ಟಿಷನ್ ಇದೆ, ಗಾತ್ರ ಸರಿಯಿದೆ, ಆದರೆ ವಿಂಡೋಸ್ ಅದನ್ನು 'ರಾ' (ಫೈಲ್ ಸಿಸ್ಟಂ ಗುರುತಿಸಲಾಗದ್ದು) ಎನ್ನುತ್ತದೆ. ಆಗ ಕೆಟ್ಟಿರುವುದು ಹೆಚ್ಚಾಗಿ ಫೈಲ್ ಸಿಸ್ಟಂನ ಮೊದಲ ಸೆಕ್ಟರ್. ಫೈಲ್ ಸಿಸ್ಟಂಗಳನ್ನು ಕಟ್ಟಿದವರು ಇದನ್ನೂ ಮುಂದಾಲೋಚಿಸಿ ನಕಲು ಇಟ್ಟಿದ್ದಾರೆ. ಎನ್‌ಟಿಎಫ್‌ಎಸ್‌ನಲ್ಲಿ ಬೂಟ್ ಸೆಕ್ಟರ್‌ನ ನಕಲು ಪಾರ್ಟಿಷನ್‌ನ ಕೊನೆಯ ಸೆಕ್ಟರ್‌ನಲ್ಲಿದೆ. ಫ್ಯಾಟ್32ರಲ್ಲಿ ಸಾಮಾನ್ಯವಾಗಿ 6ನೆಯ ಸೆಕ್ಟರ್‌ನಲ್ಲಿ, ಎಕ್ಸ್‌ಫ್ಯಾಟ್‌ನಲ್ಲಿ 12ನೆಯದರಿಂದ ಶುರುವಾಗುತ್ತದೆ.

ಎನ್‌ಟಿಎಫ್‌ಎಸ್ ಮತ್ತು ಫ್ಯಾಟ್32ಕ್ಕೆ ಟೆಸ್ಟ್‌ಡಿಸ್ಕ್‌ನ 'ಅಡ್ವಾನ್ಸ್ಡ್' ಮೆನುವಿನಲ್ಲಿ ಪಾರ್ಟಿಷನ್ ಆರಿಸಿ 'ಬೂಟ್' ಒತ್ತಿ. ಬೂಟ್ ಸೆಕ್ಟರ್ ಕೆಟ್ಟಿದೆ, ನಕಲು ಸರಿಯಿದೆ ಎಂದು ಬಂದರೆ 'ಬ್ಯಾಕಪ್ ಬಿಎಸ್' ಆರಿಸಿ, ನಕಲು ಮುಂದಕ್ಕೆ ಬರುತ್ತದೆ. ಎರಡೂ ಕೆಟ್ಟಿದ್ದರೆ 'ರೀಬಿಲ್ಡ್ ಬಿಎಸ್'; ಬರೆಯುವ ಮೊದಲು ಅಲ್ಲೇ ಫೈಲ್ ಪಟ್ಟಿ ನೋಡಿ ಖಚಿತಪಡಿಸಿಕೊಳ್ಳಿ.

ಎಕ್ಸ್‌ಟಿ4ರಲ್ಲಿ ಸೂಪರ್‌ಬ್ಲಾಕ್‌ನ (ಫೈಲ್ ಸಿಸ್ಟಂನ ಮುಖ್ಯ ವಿವರಗಳಿರುವ ಭಾಗ) ನಕಲುಗಳು ಹಲವು. 4 ಕೆಬಿ ಬ್ಲಾಕ್‌ಗಳ ಸಾಮಾನ್ಯ ಡಿಸ್ಕ್‌ನಲ್ಲಿ ಮೊದಲನೆಯದು 32768ನೆಯ ಬ್ಲಾಕ್, ಮುಂದಿನದು 98304. ಫೈಲ್ ಸಿಸ್ಟಂ ಪರೀಕ್ಷಿಸುವ ಇ2ಎಫ್‌ಎಸ್‌ಸಿಕೆಗೆ ಈ ಸಂಖ್ಯೆ ಕೊಟ್ಟರೆ ಅದು ನಕಲನ್ನು ಹಿಡಿದು ದುರಸ್ತಿ ಮಾಡುತ್ತದೆ. ಈ ಕೆಲಸ ಡಿಸ್ಕ್‌ನ ನಕಲಿನ ಮೇಲೆ ಮಾತ್ರ ಮಾಡಿ, ಮೂಲ ಡಿಸ್ಕ್ ಮೇಲೆ ಬೇಡ.

## ಬಿಟ್‌ಲಾಕರ್ ಮತ್ತು ಲಕ್ಸ್

ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ (ಕೀ ಇಲ್ಲದೆ ಓದಲಾಗದಂತೆ ಬೀಗ ಹಾಕಿದ್ದರೆ) ಮೊದಲು ಗಡಿಯನ್ನು ಮರಳಿ ತರಬೇಕು, ಆಮೇಲೆ ಬೀಗ ತೆಗೆಯಬೇಕು. ವಿಂಡೋಸ್‌ನ ಬಿಟ್‌ಲಾಕರ್ ಆಗಿದ್ದರೆ 48 ಅಂಕಿಗಳ ರಿಕವರಿ ಕೀ ಹುಡುಕಿಟ್ಟುಕೊಳ್ಳಿ. ಪಾರ್ಟಿಷನ್ ಕಂಡರೂ ತೆರೆಯದಿದ್ದರೆ ವಿಂಡೋಸ್‌ನಲ್ಲೇ ಇರುವ ರಿಪೇರ್-ಬಿಡಿಇ ಆ ಕೀ ಬಳಸಿ ಡೇಟಾವನ್ನು ಬೇರೆ ಡ್ರೈವ್‌ಗೆ ತೆಗೆಯಲು ಪ್ರಯತ್ನಿಸುತ್ತದೆ. ಲಿನಕ್ಸ್‌ನ ಲಕ್ಸ್‌ನಲ್ಲಿ ಕೀಗಳಿರುವ ಹೆಡರ್ ಪಾರ್ಟಿಷನ್‌ನ ಆರಂಭದಲ್ಲಿದೆ, ಲಕ್ಸ್2ರಲ್ಲಿ ಸಾಮಾನ್ಯವಾಗಿ 16 ಎಂಬಿ. ಅದರ ಮೇಲೆ ಬೇರೆ ಏನಾದರೂ ಬರೆದು ಕೀಗಳ ಭಾಗ ಅಳಿದಿದ್ದು, ಹೆಡರ್ ಬ್ಯಾಕಪ್ ಇಲ್ಲದಿದ್ದರೆ, ಪಾಸ್‌ವರ್ಡ್ ಗೊತ್ತಿದ್ದರೂ ತೆರೆಯುವ ದಾರಿಯಿಲ್ಲ.

## ಹೆಸರಿಲ್ಲದಿದ್ದರೂ ಫೈಲ್ ಸಿಗಲಿ ಎಂದಾಗ

ಎಂಎಫ್‌ಟಿ ಹೋಗಿದೆ, ಗಡಿ ಸಿಕ್ಕರೂ ಫೋಲ್ಡರ್‌ಗಳು ಬರುತ್ತಿಲ್ಲ ಎಂದರೆ ಕೊನೆಯ ದಾರಿ ಫೋಟೊರೆಕ್. ಟೆಸ್ಟ್‌ಡಿಸ್ಕ್ ಜೊತೆಯಲ್ಲೇ ಬರುತ್ತದೆ. ಇದು ಫೈಲ್ ಸಿಸ್ಟಂ ಅನ್ನು ನಂಬುವುದಿಲ್ಲ. ಫೈಲ್‌ಗಳ ಒಳಗಿನ ಗುರುತು ನೋಡಿ ಹೆಕ್ಕುತ್ತದೆ. ಪ್ರತಿ ಜೆಪೆಗ್ ಫೋಟೊ 'ಎಫ್‌ಎಫ್ ಡಿ8 ಎಫ್‌ಎಫ್' ಎಂಬ ಮೂರು ಬೈಟ್‌ಗಳಿಂದ ಶುರುವಾಗುತ್ತದೆ, ಪಿಡಿಎಫ್‌ಗೆ ಅದರದೇ ಗುರುತು. ಹೀಗೆ 480ಕ್ಕೂ ಹೆಚ್ಚು ಎಕ್ಸ್‌ಟೆನ್ಷನ್‌ಗಳ ಫೈಲ್‌ಗಳನ್ನು ಅದು ಬಲ್ಲದು.

ಬೆಲೆ ತೆರಬೇಕಾದದ್ದು ಹೆಸರುಗಳಲ್ಲಿ. ಮೂಲ ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ. ನಂಬರ್ ಹಾಕಿದ ಫೋಲ್ಡರ್‌ಗಳಲ್ಲಿ ಸಾವಿರಾರು ಫೈಲ್‌ಗಳು ರಾಶಿ ಬೀಳುತ್ತವೆ. ಡಿಸ್ಕ್‌ನಲ್ಲಿ ಚೂರುಚೂರಾಗಿ ಹಂಚಿಹೋಗಿದ್ದ ದೊಡ್ಡ ವಿಡಿಯೊಗಳು ಅರ್ಧಂಬರ್ಧ ಬರಬಹುದು. ಶುರು ಮಾಡುವ ಮೊದಲು 'ಫೈಲ್ ಆಪ್ಟ್' ಮೆನುವಿನಲ್ಲಿ ಎಲ್ಲ ಬಗೆಗಳನ್ನೂ ತೆಗೆದುಹಾಕಿ, ನಿಮಗೆ ಬೇಕಾದ ನಾಲ್ಕೈದನ್ನು ಮಾತ್ರ ಗುರುತು ಮಾಡಿ. ಇಲ್ಲದಿದ್ದರೆ ಬ್ರೌಸರ್ ಉಳಿಸಿದ ಚಿಕ್ಕಪುಟ್ಟ ಚಿತ್ರಗಳ ರಾಶಿಯಲ್ಲಿ ನಿಮ್ಮ ಫೋಟೊ ಹುಡುಕುತ್ತ ವಾರ ಕಳೆಯುತ್ತದೆ. ಫೋಟೊಗಳ ಒಳಗೆ ಕ್ಯಾಮೆರಾ ಬರೆದ ತಾರೀಕು ಹಾಗೇ ಇರುತ್ತದೆ. ಅದನ್ನು ಓದುವ ಪ್ರೋಗ್ರಾಂನಿಂದ ವರ್ಷ-ತಿಂಗಳ ಪ್ರಕಾರ ವಿಂಗಡಿಸಿದರೆ ರಾಶಿ ಅರ್ಧ ಕರಗುತ್ತದೆ.

## ಸಿಕ್ಕ ಮೇಲೆ

ಡ್ರೈವ್ ತೆರೆದುಕೊಂಡಿತು ಎಂದ ಕೂಡಲೇ ಕೆಲಸ ಮುಗಿಯಲಿಲ್ಲ. ಫೈಲ್‌ಗಳ ಹೆಸರು ಕಂಡ ಮಾತ್ರಕ್ಕೆ ಒಳಗಿನದು ಸರಿಯಿದೆ ಎಂದಲ್ಲ. ಬೇರೆ ಬೇರೆ ಫೋಲ್ಡರ್‌ಗಳಿಂದ ಹತ್ತಿಪ್ಪತ್ತು ಫೈಲ್‌ಗಳನ್ನು ತೆರೆದು ನೋಡಿ. ದೊಡ್ಡ ವಿಡಿಯೊಗಳನ್ನು ಮಧ್ಯಕ್ಕೆ ಎಳೆದು ಓಡಿಸಿ. ಎಲ್ಲವನ್ನೂ ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿ. ಚೆಕ್‌ಡಿಸ್ಕ್ ಓಡಿಸಬಹುದಾದರೆ ಅದು ಈ ಕಾಪಿ ಆದ ಮೇಲೆಯೇ. ಮೊದಲು ತೆಗೆದ ನಕಲಿನ ಫೈಲನ್ನು ಕೆಲವು ವಾರ ಅಳಿಸಬೇಡಿ. ಯಾವ ಫೋಲ್ಡರ್ ಬಿಟ್ಟುಹೋಗಿದೆ ಎಂಬುದು ಅದು ಬೇಕಾದ ದಿನವೇ ನೆನಪಾಗುವುದು.

ಕೊನೆಗೆ, ಎಲ್ಲ ಸರಿಯಾಗಿರುವ ಈ ಹೊತ್ತಿನಲ್ಲೇ ಪಾರ್ಟಿಷನ್ ಟೇಬಲ್ ಅನ್ನು ಉಳಿಸಿಡಿ. ಜಿಡಿಸ್ಕ್‌ನ ಮುಖ್ಯ ಮೆನುವಿನಲ್ಲಿ 'ಬಿ' ಒತ್ತಿ ಫೈಲ್‌ಗೆ ಒಂದು ಹೆಸರು ಕೊಟ್ಟರೆ ಇಡೀ ಜಿಪಿಟಿ ಕೆಲವೇ ಕೆಬಿಗಳ ಫೈಲ್ ಆಗುತ್ತದೆ. ಎಂಬಿಆರ್ ಡಿಸ್ಕ್‌ಗೆ ಲಿನಕ್ಸ್‌ನ ಎಸ್‌ಎಫ್‌ಡಿಸ್ಕ್ ಪ್ರೋಗ್ರಾಂನ ಡಂಪ್ ಆಯ್ಕೆ ಬಳಸಿ. ಓದಲು ಬರುವ ನಾಲ್ಕಾರು ಸಾಲುಗಳ ಪಠ್ಯ ಸಿಗುತ್ತದೆ. ಅದನ್ನು ನಿಮಗೇ ಇಮೇಲ್ ಮಾಡಿಕೊಳ್ಳಿ, ಇನ್ನೊಂದು ಪ್ರತಿಯನ್ನು ಮುದ್ರಿಸಿ ಆ ಡಿಸ್ಕ್‌ನ ಪೆಟ್ಟಿಗೆಯೊಳಗೆ ಹಾಕಿಡಿ.